ಮೆಟಾಲಿಕಾದಲ್ಲಿ ಈಗ ನಿಂಗೆ ಯಾರು ಇಷ್ಟ?

ವರ್ಷದ ಕೊನೆಗೆ ಹಾಡಿನ ಆ್ಯಪ್‌ಗಳು ಒಂದು ಲೆಕ್ಕ ಕೊಡ್ತವಲ್ಲ, ಈ ವರ್ಷ ನೀವು ಯಾರನ್ನು ಎಷ್ಟು ನಿಮಿಷ ಕೇಳಿದಿರಿ ಅಂತ? ಕಳೆದ ಸಲ ನನ್ನ ಮೊದಲ ಐದು ಹೆಸರುಗಳಲ್ಲಿ ಮೆಟಾಲಿಕಾ ಇರಲಿಲ್ಲ. ಮೊದಲ ಸ್ಥಾನದಲ್ಲಿ ಇದ್ದದ್ದು ಮಳೆ ಸುರಿಯುವ ಸದ್ದು. ಕೆಲಸ ಮಾಡುವಾಗ ಗಮನ ಆಚೀಚೆ ಹೋಗದಿರಲಿ ಅಂತ ಹಾಕಿಕೊಳ್ಳುವ ಟ್ರ್ಯಾಕ್ ಅದು. ಮಂಗಳೂರಿನಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿ, ಮೊಬೈಲಿನಲ್ಲಿ ಮಳೆ ಕೇಳುವವನಿಗೆ ಎಂತ ಹೇಳುವುದು ಮಾರಾಯ್ರೆ!

ಸ್ಕ್ರೀನ್‌ಶಾಟ್ ತೆಗೆದು ಪಿಯುಸಿ ಕಾಲದ ಗೆಳೆಯರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದೆ. ಮೂರೇ ಜನರ ಗ್ರೂಪು. ದುಬೈಯಲ್ಲಿರುವವ "ನೀನು ಮುಗಿದೆ ಇನ್ನು" ಅಂದ. ಉರ್ವದಲ್ಲಿ ಅಪ್ಪನ ಅಂಗಡಿ ನೋಡಿಕೊಳ್ಳುವವ ಸ್ವಲ್ಪ ಹೊತ್ತು ಬಿಟ್ಟು ಕೇಳಿದ: "ಹಾಗಾದ್ರೆ ಮೆಟಾಲಿಕಾದಲ್ಲಿ ಈಗ ನಿಂಗೆ ಯಾರು ಇಷ್ಟ?"

ಇದು ನಮ್ಮ ಹಳೇ ಆಟ. ಕ್ರಿಕೆಟ್ ಟೀಮಿನಲ್ಲಿ ಒಬ್ಬೊಬ್ಬರು ಒಬ್ಬೊಬ್ಬ ಆಟಗಾರನನ್ನು ಹಂಚಿಕೊಳ್ಳುವ ಹಾಗೆ ನಾವು ಬ್ಯಾಂಡಿನವರನ್ನು ಹಂಚಿಕೊಂಡಿದ್ದೆವು. ಅವನ ಪ್ರಶ್ನೆಗೆ ಉತ್ತರ ಟೈಪ್ ಮಾಡಲು ಹೋದರೆ ಬೆರಳು ಓಡಲಿಲ್ಲ. ಯಾಕೆಂದರೆ ನನ್ನ ಉತ್ತರ ನಾಲ್ಕು ಸಲ ಬದಲಾಗಿದೆ.

ಮೆಟಲ್ ಕೇಳದವರಿಗೆ ಎರಡು ಮಾತು. ಓಡುವ ಡ್ರಮ್ಸ್, ಕರಕರ ಅನ್ನುವ ಗಿಟಾರು, ಗಂಟಲು ಬಿಟ್ಟು ಹಾಡುವುದು, ಇಷ್ಟು ಮೇಲ್ನೋಟಕ್ಕೆ. ಮೆಟಾಲಿಕಾ ಹುಟ್ಟಿದ್ದು 1981ರಲ್ಲಿ, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. ಡ್ರಮ್ಸ್ ಬಾರಿಸುವ ಲಾರ್ಸ್ ಉಲ್ರಿಕ್, ಗಿಟಾರು ಹಿಡಿದು ಹಾಡುವ ಜೇಮ್ಸ್ ಹೆಟ್‌ಫೀಲ್ಡ್, ಈ ಇಬ್ಬರು ಅಂದಿನಿಂದ ಇಂದಿನವರೆಗೆ ಇದ್ದಾರೆ. ಉಳಿದವರಲ್ಲಿ ಕೆಲವರು ಬಂದರು, ಹೋದರು. ಒಬ್ಬ ತೀರಿಕೊಂಡ.

ನಾವು ಕೇಳಲು ಶುರು ಮಾಡುವಾಗ ಅವರೆಲ್ಲ ಐವತ್ತರ ಹತ್ತಿರದ ಗಂಡಸರು. ನಮಗೆ ಹದಿನಾರು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿ ಕೊಡ್ತಿದ್ದ ಕಾಲ ಅದು. ಅಲ್ಲಿ ಕನ್ನಡ, ಹಿಂದಿ, ತುಳು ಎಲ್ಲ ಸಿಗ್ತಿತ್ತು, ಇದು ಮಾತ್ರ ಇಲ್ಲ. ನಮಗೆ ಸಿಕ್ಕಿದ್ದು ಮಣ್ಣಗುಡ್ಡದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಒಬ್ಬ ಅಣ್ಣನ ಪೆನ್‌ಡ್ರೈವಿನಿಂದ. 1986ರ 'ಮಾಸ್ಟರ್ ಆಫ್ ಪಪೆಟ್ಸ್' ಆಲ್ಬಮ್. ಎಂಟೇ ಹಾಡು. ಮೊದಲ ಸಲ ಕೇಳಿದಾಗ ನನಗೆ ಅದು ಹೊಸದು ಅನಿಸಲೇ ಇಲ್ಲ. ದಸರಾ ಹೊತ್ತಿಗೆ ನಮ್ಮ ಬೀದಿಗೆ ಹುಲಿವೇಷ ಬರುವಾಗ ಗೇಟಿನ ಹೊರಗೆ ತಾಸೆ ಬಡಿದರೆ ಎದೆಯೊಳಗೆ ಏನು ಆಗ್ತದೋ ಅದೇ ಆಗಿತ್ತು. ಅಮ್ಮನಿಗೆ ಹಾಗೆ ಹೇಳಿದೆ. "ತಾಸೆಗೆ ಒಂದು ಲೆಕ್ಕ ಉಂಟು, ಇದು ಬರೀ ಬೊಬ್ಬೆ" ಅಂದರು. ಲೆಕ್ಕ ಇದಕ್ಕೂ ಉಂಟು ಅಂತ ಅಮ್ಮನನ್ನು ಒಪ್ಪಿಸಲು ಇವತ್ತಿಗೂ ಆಗಿಲ್ಲ.

ಅದೇ ವರ್ಷ, 2011ರಲ್ಲಿ, ಮೆಟಾಲಿಕಾ ಭಾರತಕ್ಕೆ ಬಂತು. ಅಕ್ಟೋಬರ್ 28ಕ್ಕೆ ದೆಹಲಿ ಪಕ್ಕದ ಗುರ್ಗಾಂವ್‌ನಲ್ಲಿ ಆಗಬೇಕಿದ್ದ ಶೋ ರದ್ದಾಗಿ, ಜನ ಸಿಟ್ಟಿನಿಂದ ಸಾಮಾನು ಒಡೆದು ಹಾಕಿದ್ದು ಟಿವಿಯಲ್ಲೆಲ್ಲ ಬಂದಿತ್ತು. ಎರಡು ದಿನ ಬಿಟ್ಟು ಭಾನುವಾರ ಬೆಂಗಳೂರಿನ ಅರಮನೆ ಮೈದಾನದಲ್ಲಿ ಶೋ ಆಯಿತು. ಅದೇ ಮೈದಾನಕ್ಕೆ 2007ರಲ್ಲಿ ಐರನ್ ಮೇಡನ್, 2008ರಲ್ಲಿ ಮೆಗಾಡೆತ್ ಬಂದು ಹೋಗಿದ್ದವು. ಹೀಗಾಗಿ ಮೆಟಾಲಿಕಾ ಭಾರತದಲ್ಲಿ ಮೊದಲು ನುಡಿಸಿದ ಊರು ನಮ್ಮ ಬೆಂಗಳೂರು. ಅದಕ್ಕೂ ಮುಂಚೆ ಅದೇ ಸ್ಟೇಜಿನ ಮೇಲೆ ಬೆಂಗಳೂರಿನದೇ ಇನ್ನರ್ ಸ್ಯಾಂಕ್ಟಮ್ ಬ್ಯಾಂಡ್ ನುಡಿಸಿತ್ತು. ದೀಪಾವಳಿ ಕಳೆದು ನಾಲ್ಕು ದಿನ, ನಾನು ಫಸ್ಟ್ ಪಿಯುಸಿ. ಮನೆಯಲ್ಲಿ ಕೇಳುವ ಪ್ರಶ್ನೆಯೇ ಇರಲಿಲ್ಲ. ಮಹಡಿಯ ಅಣ್ಣ ರಾತ್ರಿ ಬಸ್ಸಿಗೆ ಹೋಗಿ ಬಂದು ಮೊಬೈಲಿನಲ್ಲಿ ತೆಗೆದ ವಿಡಿಯೋ ತೋರಿಸಿದ. ಅದರಲ್ಲಿ ಹಾಡು ಕೇಳ್ತಿರಲಿಲ್ಲ, ಜನರ ಕೂಗು ಮಾತ್ರ. ಅದನ್ನೇ ನಾವು ಇಪ್ಪತ್ತು ಸಲ ನೋಡಿರಬಹುದು.

ಆಗ ನನ್ನ ಆಯ್ಕೆ ಕ್ಲಿಫ್ ಬರ್ಟನ್. ಬೇಸ್ ಗಿಟಾರು ನುಡಿಸುವವ. 'ಮಾಸ್ಟರ್ ಆಫ್ ಪಪೆಟ್ಸ್' ಬಂದ ವರ್ಷವೇ, ಸೆಪ್ಟೆಂಬರ್ 27ರಂದು, ಸ್ವೀಡನ್‌ನಲ್ಲಿ ಬ್ಯಾಂಡಿನ ಬಸ್ಸು ಮಗುಚಿ ಸತ್ತುಹೋದ. 24 ವರ್ಷ. ಹದಿನಾರರಲ್ಲಿ ಯಾರನ್ನಾದರೂ ಆರಿಸಬೇಕಾದರೆ ಸತ್ತವನನ್ನು ಆರಿಸುವುದು ಸುಲಭ. ಅವನು ಮುಂದೆ ಕೂದಲು ಕತ್ತರಿಸಲಿಲ್ಲ, ಕೆಟ್ಟ ಆಲ್ಬಮ್ ಮಾಡಲಿಲ್ಲ, ಅಭಿಮಾನಿಗಳ ಮೇಲೆ ಕೇಸು ಹಾಕಲಿಲ್ಲ. "ಕ್ಲಿಫ್ ಹೋದ ಮೇಲೆ ಮೆಟಾಲಿಕಾ ಇಲ್ಲ" ಅಂತ ಜಗತ್ತಿನಲ್ಲೆಲ್ಲ ಹೇಳುವವರು ಇದ್ದಾರೆ. ನಾನೂ ಹೇಳ್ತಿದ್ದೆ, ಆ ಕ್ಲಿಫ್ ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ಹೋದವನು ಅನ್ನುವುದನ್ನು ಲೆಕ್ಕಕ್ಕೆ ಹಿಡಿಯದೆ.

ಈ ಮಾತು ನನ್ನ ಬಾಯಿಗೆ ಅಷ್ಟು ಸಲೀಸಾಗಿ ಬಂದದ್ದಕ್ಕೆ ಕಾರಣ ಮನೆಯಲ್ಲೇ ಇತ್ತು. ನನ್ನಪ್ಪ ಕುಂದಾಪುರ ಕಡೆಯವರು, ಬ್ಯಾಂಕಿನ ಕೆಲಸಕ್ಕೆ ಮಂಗಳೂರಿಗೆ ಬಂದು ಇಲ್ಲೇ ನಿಂತರು. ಎಂಬತ್ತರ ದಶಕದಲ್ಲಿ ಸಾಲಿಗ್ರಾಮ ಮೇಳದ ಟೆಂಟಿನಲ್ಲಿ ರಾತ್ರಿ ಬೆಳಗು ಮಾಡಿದವರು. ಅವರಿಗೆ ಭಾಗವತರೆಂದರೆ ಗುಂಡ್ಮಿ ಕಾಳಿಂಗ ನಾವಡರು. ನಾವಡರೂ ರಸ್ತೆ ಅಪಘಾತದಲ್ಲೇ ಹೋದರು, 1990ರಲ್ಲಿ. ವಯಸ್ಸು ಆಗಷ್ಟೇ ಮೂವತ್ತು ದಾಟಿತ್ತು. ಅವರ ಕ್ಯಾಸೆಟ್ಟುಗಳು ನಮ್ಮ ಮನೆಯ ಶೋಕೇಸಿನಲ್ಲಿ ಸ್ಟೀಲಿನ ಲೋಟಗಳ ಪಕ್ಕ ಸಾಲಾಗಿ ಇರ್ತಿದ್ದವು. ಬೇರೆ ಯಾರ ಪದ ಕೇಳಿದರೂ ಅಪ್ಪನದ್ದು ಒಂದೇ ಮಾತು: "ನಾವಡ್ರ್ ಹೋದ್ ಮೇಲೆ ಎಂತ ಇತ್ತ್ ಮಾರಾಯ."

ಸುಬ್ರಹ್ಮಣ್ಯ ಧಾರೇಶ್ವರರ ಹಾಡನ್ನೂ ಅಪ್ಪ ವರ್ಷಗಟ್ಟಲೆ ಹಾಗೆಯೇ ತಳ್ಳಿಹಾಕಿದವರು. ಒಳ್ಳೆಯ ಭಾಗವತ ಅಂತ ಒಪ್ಪುವರು, ಆದರೆ ಅದರ ಹಿಂದೆ ಒಂದು "ಆದ್ರೆ" ಇದ್ದೇ ಇರ್ತಿತ್ತು. ನಡುವೆ ಯಾವಾಗಲೋ ಅಪ್ಪನ ಫೋನಿನಲ್ಲಿ ಯೂಟ್ಯೂಬ್ ಬಂತು, ರಿಟೈರ್ ಆದರು, ಮಧ್ಯಾಹ್ನ ಊಟದ ನಂತರ ಕೂತಲ್ಲೇ ಪದ ಕೇಳುವುದು ಅಭ್ಯಾಸ ಆಯಿತು. 2024ರ ಏಪ್ರಿಲ್‌ನಲ್ಲಿ ಧಾರೇಶ್ವರರು ತೀರಿಕೊಂಡರು. ಆ ದಿನ ನಾನು ಮನೆಯಿಂದಲೇ ಕೆಲಸ ಮಾಡ್ತಿದ್ದೆ. ಹಾಲ್‌ನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಧಾರೇಶ್ವರರೇ. ಮೀಟಿಂಗಿನಲ್ಲಿ ಇದ್ದ ನನಗೆ ಬಾಗಿಲು ಹಾಕಬೇಕಾಯಿತು, ಹಾಕಲು ಮನಸ್ಸಾಗಲಿಲ್ಲ, ಮ್ಯೂಟ್ ಮಾಡಿ ಕೂತೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಹೇಳಿದ್ದು ಇಷ್ಟೇ: "ಇವ್ರನ್ನ್ ಇಷ್ಟ್ ವರ್ಷ ಕೇಂಡಿದ್ದೆ ಅಂದೇಳಿ ನಂಗೇ ಗೊತ್ತಿರ್ಲಿಲ್ಲ." ನಾವಡರ ಜಾಗಕ್ಕೆ ಧಾರೇಶ್ವರರು ಬಂದರು ಅಂತ ಅಲ್ಲ. ಒಂದು ಅಭಿಮಾನ ಹಿಡಿದುಕೊಂಡು ಕೂತಿರುವಾಗ ಅದರ ಪಕ್ಕದಲ್ಲೇ ಇನ್ನೊಂದು ಸದ್ದಿಲ್ಲದೆ ಬೆಳೆದಿರ್ತದೆ.

ಇಂಜಿನಿಯರಿಂಗ್ ಹಾಸ್ಟೆಲಿಗೆ ಹೋದ ಮೇಲೆ ಮೆಟಾಲಿಕಾ ನನಗೆ ಸಪ್ಪೆ ಆಯಿತು. ಅಲ್ಲಿ ಇದಕ್ಕಿಂತ ಗಟ್ಟಿ, ಇದಕ್ಕಿಂತ ಕತ್ತಲೆಯ ಬ್ಯಾಂಡುಗಳನ್ನು ಕೇಳುವವರು ಇದ್ದರು. ಮೆಟಾಲಿಕಾ ಎಂದರೆ ಎಲ್‌ಕೆಜಿ. ಆ ಹೆಸರಿನ ಟಿ-ಶರ್ಟನ್ನು ಒಂದೂ ಹಾಡು ಕೇಳದವರು ಮಾಲ್‌ನಲ್ಲಿ ಕೊಂಡು ಹಾಕುವುದು ನೋಡಿ ಹೊಟ್ಟೆ ಉರೀತಿತ್ತು. ಆಗ ಮೆಚ್ಚಿಕೊಂಡದ್ದು ಡೇವ್ ಮಸ್ಟೇನ್‌ನನ್ನು. 1983ರಲ್ಲಿ, ಮೊದಲ ಆಲ್ಬಮ್ ರೆಕಾರ್ಡ್ ಮಾಡುವ ಮೊದಲು, ಕುಡಿತ ಜಗಳ ಜಾಸ್ತಿ ಅಂತ ಅವನನ್ನು ತೆಗೆದು, ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಾದ ಬಸ್ಸು ಹತ್ತಿಸಿ ಕಳಿಸಿದರು. ಅವನು ಹೋಗಿ ಮೆಗಾಡೆತ್ ಕಟ್ಟಿದ. ಕ್ಯಾಂಪಸ್ ಪ್ಲೇಸ್‌ಮೆಂಟಿನಲ್ಲಿ ಮೂರು ಕಂಪನಿಗಳು ಬೇಡ ಅಂದ ಸೆಮಿಸ್ಟರಿನಲ್ಲಿ ಈ ಕತೆ ಎಷ್ಟು ಹಿತವಾಗಿತ್ತು ಅಂತ ಹೇಳಬೇಕಾಗಿಲ್ಲ. ಕೆಲಸ ಸಿಕ್ಕಿತು, ಮಸ್ಟೇನ್ ಮರೆತುಹೋದ.

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ವರ್ಷದ ನಂತರ ಒಂದು ದಿನ ಬಸ್ಸಿನಲ್ಲಿ ಸಿಲ್ಕ್ ಬೋರ್ಡ್ ಹತ್ತಿರ ನಿಂತಲ್ಲೇ ನಿಂತು, 1988ರ '...ಆ್ಯಂಡ್ ಜಸ್ಟಿಸ್ ಫಾರ್ ಆಲ್' ಹಾಕಿದೆ. ಈ ಆಲ್ಬಮ್ ಬಗ್ಗೆ ಎಲ್ಲ ಮೆಟಲ್ ಪ್ರಿಯರಿಗೂ ಗೊತ್ತಿರುವ ಒಂದು ಸಂಗತಿ ಉಂಟು: ಇದರಲ್ಲಿ ಬೇಸ್ ಗಿಟಾರು ಕೇಳುವುದೇ ಇಲ್ಲ. ನುಡಿಸಿದವ ಜೇಸನ್ ನ್ಯೂಸ್ಟೆಡ್, ಕ್ಲಿಫ್ ಸತ್ತ ಕೆಲವೇ ವಾರಗಳಲ್ಲಿ ಆ ಜಾಗಕ್ಕೆ ಬಂದವನು. ನುಡಿಸಿದ್ದಾನೆ, ರೆಕಾರ್ಡ್ ಆಗಿದೆ, ಆದರೆ ಮಿಕ್ಸಿಂಗ್ ಮಾಡುವಾಗ ಆ ದನಿಯನ್ನು ಇಲ್ಲ ಅನ್ನುವಷ್ಟು ಇಳಿಸಿದರು. ಗೆಳೆಯ ಸತ್ತ ದುಃಖವನ್ನು ಹೊಸಬನ ಮೇಲೆ ತೀರಿಸಿಕೊಂಡ ಹಾಗೆ. ಟೂರಿನಲ್ಲಿ ಅವನನ್ನು ಗೋಳು ಹೊಯ್ದುಕೊಂಡದ್ದನ್ನು ಮುಂದೆ ಬ್ಯಾಂಡಿನವರೇ ಹೇಳಿಕೊಂಡಿದ್ದಾರೆ.

ಟೀಮಿಗೆ ಹೊಸದಾಗಿ ಸೇರಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀವು ಬರೆದ ಕೋಡು ಓಡ್ತಾ ಇರ್ತದೆ, ಡೆಮೊ ದಿನ ನಿಮ್ಮ ಹೆಸರು ಮಾತ್ರ ಸ್ಲೈಡಿನಲ್ಲಿ ಇರುವುದಿಲ್ಲ. ನಿಮಗಿಂತ ಮೊದಲು ಆ ಕುರ್ಚಿಯಲ್ಲಿ ಕೂತಿದ್ದವನ ಗುಣಗಾನ ಎರಡು ವರ್ಷ ಕೇಳಬೇಕು. ನಾನು ಆ ಆಲ್ಬಮ್ಮನ್ನು ಆ ದಿನ ಮೊದಲಿನಿಂದ ಕೊನೆವರೆಗೆ, ಕೇಳದೇ ಇರುವ ಆ ಒಂದು ವಾದ್ಯವನ್ನು ಹುಡುಕುತ್ತಾ ಕೇಳಿದೆ. ಅಭಿಮಾನಿಗಳು ತಾವೇ ಬೇಸ್ ಏರಿಸಿ ಮಾಡಿದ ಆವೃತ್ತಿಗಳು ಇಂಟರ್ನೆಟ್ಟಿನಲ್ಲಿ ಉಂಟು. ನ್ಯೂಸ್ಟೆಡ್ ಅಷ್ಟಾದರೂ 14 ವರ್ಷ ನಿಂತ. 2001ರ ಜನವರಿಯಲ್ಲಿ ಬಿಟ್ಟ. ಪಕ್ಕದಲ್ಲಿ ಇನ್ನೊಂದು ಸಣ್ಣ ಬ್ಯಾಂಡ್ ಮಾಡಿಕೊಳ್ಳುತ್ತೇನೆ ಅಂದದ್ದಕ್ಕೆ ಹೆಟ್‌ಫೀಲ್ಡ್ ಒಪ್ಪಲಿಲ್ಲ. ಮೂನ್‌ಲೈಟಿಂಗ್ ಬಗ್ಗೆ ನಮ್ಮ ಐಟಿಯಲ್ಲಿ ಎದ್ದ ಗಲಾಟೆ ಹೊಸದೇನಲ್ಲ ನೋಡಿ.

ನ್ಯಾಪ್‌ಸ್ಟರ್ ಕೇಸೂ ಆ ಹೊತ್ತಿನದ್ದೇ. 2000ದಲ್ಲಿ, ಇನ್ನೂ ಬಿಡುಗಡೆಯಾಗದ ಅವರ ಒಂದು ಹಾಡು ನ್ಯಾಪ್‌ಸ್ಟರ್‌ನಲ್ಲಿ ಹರಿದಾಡಿ ರೇಡಿಯೋದವರೆಗೆ ಹೋಯಿತು. ಬ್ಯಾಂಡ್ ಕೋರ್ಟಿಗೆ ಹೋಯಿತು, ಹಾಡು ಹಂಚಿದ 3 ಲಕ್ಷಕ್ಕೂ ಹೆಚ್ಚು ಬಳಕೆದಾರರ ಹೆಸರಿನ ಕಾಗದದ ಕಟ್ಟು ಹೊತ್ತು ಲಾರ್ಸ್ ಆ ಕಂಪನಿಯ ಬಾಗಿಲಿಗೆ ಹೋದ. ದುಡ್ಡಿನ ಆಸೆಬುರುಕ ಅಂತ ಜಗತ್ತೇ ಬೈಯಿತು. ನಮ್ಮ ತಲೆಮಾರು ಆ ಬೈಗುಳವನ್ನು ಪೆನ್‌ಡ್ರೈವಿನ ಜೊತೆಗೇ ಉಚಿತವಾಗಿ ಪಡೆಯಿತು. ಈಗ ಎಐ ಕಂಪನಿಗಳು ಎಲ್ಲರ ಬರಹ, ಚಿತ್ರ, ಕೋಡು ಕೇಳದೆ ಎತ್ತಿಕೊಂಡವು ಅನ್ನುವ ಜಗಳ ನಡೀತಿರುವಾಗ ಲಾರ್ಸ್ ಅಂದು ಕೇಳಿದ ಪ್ರಶ್ನೆ ಅಷ್ಟು ಆಸೆಬುರುಕತನದ್ದಾಗಿ ಕಾಣ್ತಿಲ್ಲ: ನನ್ನ ಕೆಲಸ ಎಲ್ಲಿಗೆ ಹೋಗಬೇಕು ಅಂತ ಹೇಳುವವರು ಯಾರು? ಆದರೂ ಲಾರ್ಸ್ ನನಗೆ ಇಷ್ಟ ಅಂತ ಬರೆಯಲು ಕೈ ಬರುವುದಿಲ್ಲ. ಅಷ್ಟು ದೊಡ್ಡ ಮನಸ್ಸು ನನಗೆ ಇನ್ನೂ ಬಂದಿಲ್ಲ.

ಉಳಿದವ ಹೆಟ್‌ಫೀಲ್ಡ್. ಹದಿನಾರರಲ್ಲಿ ಅವನನ್ನು ಯಾರೂ ಆರಿಸಬಾರದು ಅಂತ ನಮ್ಮೊಳಗೆ ನಿಯಮ ಇತ್ತು, ಅವನು ಎಲ್ಲರವನು. ಕಾಲು ಅಗಲಿಸಿ ನಿಂತು ಗಿಟಾರು ಹಿಡಿದರೆ ಬಂಡೆ.

2004ರಲ್ಲಿ 'ಸಮ್ ಕೈಂಡ್ ಆಫ್ ಮಾನ್‌ಸ್ಟರ್' ಅನ್ನುವ ಸಾಕ್ಷ್ಯಚಿತ್ರ ಬಂತು. ನ್ಯೂಸ್ಟೆಡ್ ಬಿಟ್ಟ ಮೇಲೆ ಬ್ಯಾಂಡ್ ಒಡೆಯುವ ಹಂತಕ್ಕೆ ಬಂದು, ತಿಂಗಳಿಗೆ 40,000 ಡಾಲರ್ ಕೊಟ್ಟು ಒಬ್ಬ ಥೆರಪಿಸ್ಟನ್ನು ಇಟ್ಟುಕೊಂಡು, ಎಲ್ಲರೂ ಟೇಬಲ್ ಸುತ್ತ ಕೂತು ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳುವ ಸಿನಿಮಾ. ಹಾಸ್ಟೆಲಿನಲ್ಲಿ ಅದನ್ನು ಕಾಮಿಡಿ ಹಾಗೆ ನೋಡಿದ್ದೆವು. ಹೆಟ್‌ಫೀಲ್ಡ್ ಕುಡಿತ ಬಿಡಲು ಚಿಕಿತ್ಸೆಗೆ ಹೋಗಿ ಬಂದಿದ್ದ. ಬಂದವನು ಹಾಕಿದ ಷರತ್ತು: ದಿನಕ್ಕೆ ಮಧ್ಯಾಹ್ನ 12ರಿಂದ 4ರವರೆಗೆ ಮಾತ್ರ ಕೆಲಸ. ಅವನು ಇಲ್ಲದಾಗ ಉಳಿದವರೂ ಆ ಹಾಡುಗಳನ್ನು ಮುಟ್ಟಬಾರದು, ಕೇಳಲೂ ಬಾರದು. ಲಾರ್ಸ್ ಕೆಂಡ ಆಗ್ತಾನೆ. ಆ ಎಲ್ಲ ಒದ್ದಾಟದಿಂದ 2003ರಲ್ಲಿ ಹೊರಬಂದ 'ಸೇಂಟ್ ಆ್ಯಂಗರ್' ಆಲ್ಬಮ್ಮಿನಲ್ಲಿ ಒಂದೂ ಗಿಟಾರು ಸೋಲೋ ಇಲ್ಲ, ಸ್ನೇರ್ ಡ್ರಮ್ಮಿನ ಸದ್ದು ಎಣ್ಣೆ ಡಬ್ಬಿ ಬಡಿದ ಹಾಗೆ. ಅದು ಒಳ್ಳೆಯ ಆಲ್ಬಮ್ ಅಂತ ನನಗೆ ಇವತ್ತಿಗೂ ಅನಿಸಿಲ್ಲ.

ಎರಡು ವರ್ಷದ ಹಿಂದೆ ಒಂದು ರಿಲೀಸ್ ಮುಗಿದ ವಾರ ರಾತ್ರಿ ಎದೆ ಡವಡವ ಹೊಡೆದುಕೊಂಡು ಕೈ ತಣ್ಣಗಾಯಿತು. ಅಪ್ಪ ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಸಿಜಿ ಸರಿ ಇತ್ತು. ಡಾಕ್ಟ್ರು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ಗಂಟೆ ನಿದ್ದೆ, ಎಷ್ಟು ಗಂಟೆ ಕೆಲಸ. ಉತ್ತರ ಕೇಳಿ ಪೆನ್ನು ಕೆಳಗಿಟ್ಟರು. ಆಮೇಲೆ ನಾನು ಕ್ಯಾಲೆಂಡರಿನಲ್ಲಿ ಸಂಜೆ 7ರ ನಂತರದ ಜಾಗವನ್ನೆಲ್ಲ ಬ್ಲಾಕ್ ಮಾಡಿದೆ. ಟೀಮಿನಲ್ಲಿ ಒಬ್ಬರು "ಏನು ಸಾರ್, ಗವರ್ನಮೆಂಟ್ ಟೈಮಿಂಗಾ?" ಅಂತ ನಕ್ಕರು. ನನಗೆ ಆ ಕ್ಷಣ ನೆನಪಾದದ್ದು 12ರಿಂದ 4. ಅಷ್ಟು ಜನರ ಎದುರು, ಕ್ಯಾಮೆರಾ ಓಡುತ್ತಿರುವಾಗ, ಕೋಟಿಗಟ್ಟಲೆ ದುಡ್ಡು ಕಾಯುತ್ತಿರುವಾಗ, ನಾಲ್ಕು ಗಂಟೆಗೆ ಎದ್ದು ಮನೆಗೆ ಹೋಗುವುದಕ್ಕೆ ಎಷ್ಟು ಧೈರ್ಯ ಬೇಕು ಅಂತ ಆ ಸಂಜೆ 7 ಗಂಟೆಗೆ ಲ್ಯಾಪ್‌ಟಾಪ್ ಮುಚ್ಚುವಾಗ ಗೊತ್ತಾಯಿತು.

ಹೆಟ್‌ಫೀಲ್ಡ್ 2019ರಲ್ಲಿ ಮತ್ತೆ ಚಿಕಿತ್ಸೆಗೆ ಹೋದ. ಕುಡಿತದ ಕತೆಗಳು ಒಂದೇ ಸಲಕ್ಕೆ ಮುಗಿಯುವುದಿಲ್ಲ. 2022ರ ಮೇ ತಿಂಗಳಲ್ಲಿ ಬ್ರೆಜಿಲ್‌ನ ಬೆಲೊ ಹೊರಿಜಾಂಟಿಯಲ್ಲಿ, ತುಂಬಿದ ಮೈದಾನದ ಎದುರು ಮೈಕ್ ಹಿಡಿದು ಅವನು ಹೇಳಿದ: ಇವತ್ತು ಸ್ಟೇಜಿಗೆ ಬರುವ ಮೊದಲು ಮನಸ್ಸು ಸರಿ ಇರಲಿಲ್ಲ, ನಾನು ಮುದುಕನಾದೆ, ಇನ್ನು ನುಡಿಸಲು ನನ್ನಿಂದ ಆಗದು ಅಂತ ಅನಿಸಿತ್ತು, ಇವರಿಗೆ ಹೇಳಿಕೊಂಡೆ, ನಾವಿದ್ದೇವೆ ಅಂದರು. ಉಳಿದ ಮೂವರು ಬಂದು ಅಲ್ಲೇ ಅವನನ್ನು ತಬ್ಬಿಕೊಂಡರು. ಆ ವಿಡಿಯೋ ನಮ್ಮ ಮೂರು ಜನರ ಗ್ರೂಪಿಗೂ ಬಂತು. ಯಾರೂ ತಮಾಷೆ ಮಾಡಲಿಲ್ಲ. ದುಬೈಯವ ಒಂದು ಹಾರ್ಟ್ ಹಾಕಿದ, ಅವನು ಹಾರ್ಟ್ ಹಾಕುವ ಜನ ಅಲ್ಲ.

ಅದೇ ವರ್ಷ ಬೇಸಿಗೆಯಲ್ಲಿ 'ಸ್ಟ್ರೇಂಜರ್ ಥಿಂಗ್ಸ್' ಸೀರಿಯಲ್ಲಿನಿಂದಾಗಿ 'ಮಾಸ್ಟರ್ ಆಫ್ ಪಪೆಟ್ಸ್' ಹಾಡು 36 ವರ್ಷದ ನಂತರ ಅಮೆರಿಕದ ಹಾಟ್ 100 ಪಟ್ಟಿಯ ಮೊದಲ 40ರೊಳಗೆ ಬಂತು. ಒಂಬತ್ತನೇ ಕ್ಲಾಸಿನ ನನ್ನ ಸೋದರತ್ತೆಯ ಮೊಮ್ಮಗಳು ಮನೆಗೆ ಬಂದಾಗ "ಮಾಮ, ಈ ಹಾಡು ನಿಂಗೆ ಗೊತ್ತುಂಟಾ?" ಅಂತ ಕೇಳಿದಳು. ಹಾಸ್ಟೆಲಿನ ನಾನಾಗಿದ್ದರೆ ಅರ್ಧ ಗಂಟೆ ಪಾಠ ಮಾಡ್ತಿದ್ದೆ. "ಗೊತ್ತುಂಟು, ಜೋರು ಮಾಡು" ಅಂದೆ. ಅಡುಗೆಮನೆಯಿಂದ ಅಮ್ಮ ಇಬ್ಬರಿಗೂ ಸೇರಿಸಿ ಬೈದರು.

ರೋಮ ನಿಲ್ಲುವುದು ಮೊದಲಿನಷ್ಟು ಇಲ್ಲ, ಅದನ್ನೂ ಹೇಳಬೇಕು. ಹದಿನಾರರಲ್ಲಿ ಮೊದಲ ಹತ್ತು ಸೆಕೆಂಡಿಗೇ ಆಗ್ತಿದ್ದದ್ದು ಈಗ ಹಾಡಿನ ನಡುವೆ ಎಲ್ಲೋ ಒಂದು ಕಡೆ ಆದರೆ ಆಯಿತು. ಅದು ನಷ್ಟವೇ. ಸ್ವಲ್ಪ ಬೇಜಾರೂ ಉಂಟು.

2023ರ ಏಪ್ರಿಲ್‌ನಲ್ಲಿ ಬಂದ ಅವರ ಆಲ್ಬಮ್ಮಿನ ಹೆಸರು '72 ಸೀಸನ್ಸ್'. ಮನುಷ್ಯನ ಮೊದಲ 18 ವರ್ಷ, ವರ್ಷಕ್ಕೆ ನಾಲ್ಕು ಋತುವಿನಂತೆ 72. ಆ ಹದಿನೆಂಟರೊಳಗೆ ಆದದ್ದನ್ನೇ ಉಳಿದ ಆಯುಷ್ಯವೆಲ್ಲ ಹೊತ್ತುಕೊಂಡು ತಿರುಗುತ್ತೇವೆ ಅನ್ನುವ ಯೋಚನೆ ಹೆಟ್‌ಫೀಲ್ಡ್‌ನದ್ದು. ನಮ್ಮ ಪಂಚಾಂಗದ ಲೆಕ್ಕದಲ್ಲಿ ವರ್ಷಕ್ಕೆ ಆರು ಋತು, 18 ವರ್ಷಕ್ಕೆ ಸರಿಯಾಗಿ 108 ಆಗ್ತದೆ. ಮಂಗಳೂರಿನ ಲೆಕ್ಕದಲ್ಲಾದರೆ ಇರುವುದೇ ಎರಡು, ಮಳೆ ಮತ್ತು ಸೆಕೆ, ಒಟ್ಟು 36. ಆಲ್ಬಮ್ಮಿನ ಕೊನೆಯ ಹಾಡು 'ಇನಮೊರಾಟಾ' 11 ನಿಮಿಷಕ್ಕೂ ಮೇಲೆ ಉಂಟು, ಅವರ ಅತಿ ಉದ್ದದ ಹಾಡು. ನಡುವೆ ಎಲ್ಲ ನಿಂತು ಬೇಸ್ ಒಂದೇ ಮೆಲ್ಲಗೆ ನುಡಿಯುವ ಜಾಗ ಒಂದು ಉಂಟು. ಈ ಸಲ ಚೆನ್ನಾಗಿ ಕೇಳ್ತದೆ.

ಮೆಟಾಲಿಕಾವನ್ನು ಕಾಲೇಜಿನಲ್ಲೇ ಬಿಟ್ಟವರು ಬೇಕಿದ್ದರೆ ಅದರಿಂದ ಶುರು ಮಾಡಿ ನೋಡಿ. ನಾನು ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಅದನ್ನು ಹಾಕಿಕೊಂಡು ಹೊರಡ್ತೇನೆ. ಮಣ್ಣಗುಡ್ಡದಿಂದ ಲೇಡಿಹಿಲ್‌ವರೆಗೆ ನಡೆದರೆ ಹಾಡೂ ದಾರಿಯೂ ಹೆಚ್ಚುಕಡಿಮೆ ಒಟ್ಟಿಗೆ ಮುಗೀತವೆ, ರಸ್ತೆ ದಾಟಲು ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದರ ಮೇಲೆ. ಉರ್ವದವನಿಗೆ ಉತ್ತರ ಬರೆದೆ: "ಸದ್ಯಕ್ಕೆ ಜೇಮ್ಸ್." ಅವನು ಬರೆದ: "ನಂಗೆ ಯಾವತ್ತೂ ಲಾರ್ಸೇ. ಅಂಗಡಿ ನಡೆಸುವವನ ಕಷ್ಟ ನಿಂಗೆ ಗೊತ್ತಾಗ್ಲಿಕ್ಕಿಲ್ಲ."